ಹೊಳೆಗೆ ಬಿಟ್ಟ ಜಾಗ, ಸೈಕಲ್ಲಿಗೆ ಸಿಕ್ಕ ದಾರಿ

ಶನಿವಾರ ಬೆಳಿಗ್ಗೆ ಏಳು ಗಂಟೆ. ಫೋಲ್ಸಮ್ ಜಲಾಶಯದ ದಡದಲ್ಲಿರುವ ಬೀಲ್ಸ್ ಪಾಯಿಂಟ್ ಎಂಬಲ್ಲಿ ಕಾರುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಕಾರಿನ ಬೆನ್ನಿಗೆ ಕಟ್ಟಿ ತಂದ ಸೈಕಲ್ಲುಗಳು ನೆಲಕ್ಕಿಳಿಯುತ್ತವೆ. ಒಬ್ಬಾಕೆ ಚಕ್ರ ಒತ್ತಿ ನೋಡಿ ಗಾಳಿ ಹೊಡೆಯುತ್ತಾಳೆ. ಇನ್ನೊಬ್ಬ ಮಗಳ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾನೆ. ಎಪ್ಪತ್ತು ದಾಟಿದ ಅಜ್ಜನೊಬ್ಬ ಬಾಟಲಿಗೆ ನೀರು ತುಂಬಿಕೊಂಡು, ಯಾರಿಗೂ ಕಾಯದೆ ಹೊರಟೇಬಿಡುತ್ತಾನೆ.

ಇಲ್ಲಿಂದ ಅಮೆರಿಕನ್ ಹೊಳೆಯ ಜೊತೆಜೊತೆಗೇ ಇಳಿಯುತ್ತ ಹೋದರೆ ಸುಮಾರು 32 ಮೈಲಿ, ಅಂದರೆ 51 ಕಿಲೋಮೀಟರ್. ಕೊನೆಗೆ ಸಿಗುವುದು ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದ ಹಳೇ ಪೇಟೆ. ಉದ್ದಕ್ಕೂ ಡಾಂಬರು ಹಾಕಿದ ದಾರಿ. ಕಾರಿಲ್ಲ, ಮೋಟಾರ್ ಬೈಕಿಲ್ಲ, ಹಾರ್ನಿಲ್ಲ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಓಕ್ ಮರಗಳು. ನಡುವೆ ತಲೆಯೆತ್ತಿ ನೋಡಿ ಮತ್ತೆ ಮೇಯಲು ಬಾಗುವ ಜಿಂಕೆ, ಸಾಲಾಗಿ ದಾರಿ ದಾಟುವ ಕಾಡು ಟರ್ಕಿ ಕೋಳಿಗಳು, ನೀರಿನಂಚಿನಲ್ಲಿ ಒಂಟಿಗಾಲಲ್ಲಿ ನಿಂತ ಕೊಕ್ಕರೆ.

ಕಾಡಿನ ನಡುವೆ ಹೋಗುತ್ತಿದ್ದೇವೆ ಅನ್ನಿಸುವುದು ಸಹಜ. ಆದರೆ ಎರಡೂ ಬದಿಗೆ ಸ್ವಲ್ಪವೇ ಆಚೆ ಮನೆ, ಮಾಲು, ಹೆದ್ದಾರಿಗಳಿವೆ. ಸ್ಯಾಕ್ರಮೆಂಟೊ ನಗರದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ, ಅದನ್ನು ಒಳಗೊಂಡ ಕೌಂಟಿಯಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು. ಇಷ್ಟು ಜನರ ನಡುವೆ, ಅದೂ ಹೊಳೆದಂಡೆಯಲ್ಲಿ, ಇಷ್ಟುದ್ದದ ಜಾಗ ಬಡಾವಣೆಯಾಗದೆ ಉಳಿಯಿತೆಂದರೆ ನಮ್ಮ ಕಡೆಯವರಿಗೆ ಮೊದಲು ಹುಟ್ಟುವುದು ಸಂಶಯವೇ. ಯಾರೂ ಕೈಹಾಕಲಿಲ್ಲವೇ? ಹಾಕಿದ್ದರು. ಹೊಳೆ ಬಿಡಲಿಲ್ಲ.

ಬಲಕ್ಕೆ ಸೈಕಲ್, ಎಡಕ್ಕೆ ನಡಿಗೆ

ದಾರಿಗೆ ಅಧಿಕೃತವಾಗಿ ಜೆಡಿಡಯಾ ಸ್ಮಿತ್ ಎಂಬ ಬೇಟೆಗಾರನ ಹೆಸರಿದೆ. ಬೀವರ್ ಎಂಬ ಪ್ರಾಣಿಯ ತುಪ್ಪಳಕ್ಕಾಗಿ ಬೋನು ಹಿಡಿದು ಅಲೆಯುತ್ತಿದ್ದವನು, 1827ರ ಸುಮಾರಿಗೆ ಈ ಕಣಿವೆಯಲ್ಲಿ ಹಾದುಹೋದ. ಸೈಕಲ್ ಎಂಬುದು ರೂಪು ಪಡೆಯುವ ಎಷ್ಟೋ ಮೊದಲೇ, 1831ರಲ್ಲಿ ಸತ್ತ. ಊರವರು ಆ ಹೆಸರಿನ ಗೊಡವೆಗೆ ಹೋಗದೆ ‘ಬೈಕ್ ಟ್ರೇಲ್’ ಎನ್ನುತ್ತಾರೆ.

ಹೊಳೆ ಸ್ಯಾಕ್ರಮೆಂಟೊ ನದಿಗೆ ಸೇರುವ ಸಂಗಮದ ಬಳಿಯ ಡಿಸ್ಕವರಿ ಪಾರ್ಕ್‌ನಲ್ಲಿ ಸೊನ್ನೆಯಿಂದ ಶುರುವಾಗುವ ಮೈಲಿಗಲ್ಲುಗಳು ಮೇಲೇರುತ್ತ ಬರುತ್ತವೆ. ಬಿದ್ದು ಮಂಡಿ ಒಡೆದುಕೊಂಡವರು ಫೋನಿನಲ್ಲಿ ಹೇಳಬೇಕಾದದ್ದು ಈ ಸಂಖ್ಯೆಯನ್ನೇ. ಮರಗಳ ನಡುವೆ ಬೇರೆ ಗುರುತು ಹೇಳುವುದು ಕಷ್ಟ. ವೇಗದ ಮಿತಿ ಗಂಟೆಗೆ 15 ಮೈಲಿ, ಸುಮಾರು 24 ಕಿಲೋಮೀಟರ್. ಬಿಗಿ ಅಂಗಿಯ ರೇಸಿನವರು ಅದನ್ನು ಎಷ್ಟು ಪಾಲಿಸುತ್ತಾರೆಂಬುದು ಬೇರೆ ಮಾತು.

ಸೈಕಲ್ಲುಗಳು ಬಲಕ್ಕೆ ಹೋಗಬೇಕು. ನಡೆಯುವವರು ಎಡಗಡೆಯ ಮಣ್ಣಿನ ಅಂಚಿನಲ್ಲಿ, ಎದುರಿಗೆ ಬರುವ ಸೈಕಲ್ ಕಣ್ಣಿಗೆ ಬೀಳುವಂತೆ ನಡೆಯಬೇಕು. ಫೋಲ್ಸಮ್‌ನಲ್ಲಿ ಇಂಟೆಲ್ ಕಂಪನಿ 1980ರ ದಶಕದಿಂದ ನೆಲೆಯೂರಿದ್ದರಿಂದ ಆ ಸುತ್ತಿನಲ್ಲಿ ಭಾರತದ ಎಂಜಿನಿಯರುಗಳು ಬಹಳ, ಕನ್ನಡಿಗರೂ ಇದ್ದಾರೆ. ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದ ಅಪ್ಪ ಅಮ್ಮಂದಿರಿಗೆ ಅಮೆರಿಕದ ರಸ್ತೆಗಳಲ್ಲಿ ಎಡಬಲ ಗೊಂದಲವಾಗುವುದುಂಟು. ಈ ದಾರಿಯಲ್ಲಿ ಮಾತ್ರ ಊರಿನ ಅಭ್ಯಾಸಬಲದಿಂದ ಎಡಕ್ಕೇ ನಡೆದರೆ ಸರಿಯಾಗಿಬಿಡುತ್ತದೆ!

ದೊಡ್ಡ ರಸ್ತೆಗಳನ್ನು ದಾಟುವ ಗೋಳು ಬಹುಪಾಲು ಇಲ್ಲ. ಅವು ಸೇತುವೆಯ ಮೇಲೆ ಹೊಳೆ ದಾಟಿಕೊಳ್ಳುತ್ತವೆ, ಸೈಕಲ್ ದಾರಿ ಅದೇ ಸೇತುವೆಯ ಅಡಿಯಲ್ಲಿ ನುಸುಳುತ್ತದೆ. ಜಲಾಶಯದಿಂದ ಹಳೇ ಪೇಟೆಗೆ ಒಟ್ಟಾರೆ ನೂರು ಮೀಟರಿಗೂ ಹೆಚ್ಚು ಇಳಿಜಾರು. ಅಷ್ಟು ದೂರಕ್ಕೆ ಹಂಚಿಹೋಗಿರುವುದರಿಂದ ಇಳಿಯುವಾಗ ಅದು ಗೊತ್ತಾಗುವುದಿಲ್ಲ. ವಾಪಸು ಬರುವಾಗ, ಎದುರುಗಾಳಿ ಇದ್ದರೆ, ಚೆನ್ನಾಗಿಯೇ ಗೊತ್ತಾಗುತ್ತದೆ.

ಜೈಲು, ಅಣೆಕಟ್ಟು, ಕರೆಂಟು

ಮೊದಲ ಕೆಲವು ಮೈಲಿ ಫೋಲ್ಸಮ್ ಊರಿನದು. ಹೊರಟ ಸ್ವಲ್ಪ ಹೊತ್ತಿಗೇ ಹಿಂದೆ ಉಳಿಯುವ ಫೋಲ್ಸಮ್ ಅಣೆಕಟ್ಟು 1950ರ ದಶಕದ್ದು. ಹೊಳೆಯ ಆಚೆ ದಡಕ್ಕೆ ಕಗ್ಗಲ್ಲಿನ ಗೋಡೆಯ ಫೋಲ್ಸಮ್ ಜೈಲಿದೆ. 1880ರಲ್ಲಿ ಶುರುವಾದ ಈ ಜೈಲಿನೊಳಗೆ ಜಾನಿ ಕ್ಯಾಶ್ ಎಂಬ ಗಾಯಕ 1968ರ ಜನವರಿಯಲ್ಲಿ ಕೈದಿಗಳೆದುರು ಹಾಡಿದ, ಆ ಧ್ವನಿಮುದ್ರಿಕೆ ಜಗತ್ತಿಗೆಲ್ಲ ಕೇಳಿಸಿತು. ಈಗ ಜೈಲಿನ ಜಮೀನಿನಂಚಿನಲ್ಲಿ ಹಾಯುವ ಇನ್ನೊಂದು ಸೈಕಲ್ ದಾರಿಗೆ ಊರು ಅವನ ಹೆಸರಿಟ್ಟಿದೆ. ಜೈಲಿಗೆ ಹಾಡು ಕಟ್ಟಿದವನ ಹೆಸರಿನ ದಾರಿಯಲ್ಲಿ ಜನ ವಾಯುಸೇವನೆಗೆ ಹೋಗುತ್ತಾರೆ.

ಕನ್ನಡದ ಓದುಗರು ನಿಂತು ನೋಡಬೇಕಾದದ್ದು ಹೊಳೆದಂಡೆಯ ಕೆಂಪು ಇಟ್ಟಿಗೆಯ ಕಟ್ಟಡವನ್ನು. ಅದು ಫೋಲ್ಸಮ್ ಪವರ್‌ಹೌಸ್. 1895ರ ಜುಲೈನಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು 11,000 ವೋಲ್ಟಿನಲ್ಲಿ 22 ಮೈಲಿ ತಂತಿಯ ಮೇಲೆ ಸಾಗಿ ಸ್ಯಾಕ್ರಮೆಂಟೊವನ್ನು ಬೆಳಗಿತು. ಕರೆಂಟನ್ನು ಅಷ್ಟು ದೂರ ಕಳಿಸಿದ ಮೊದಮೊದಲ ಉದಾಹರಣೆಗಳಲ್ಲಿ ಇದೊಂದು. ಏಳು ವರ್ಷ ಬಿಟ್ಟು 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ದೂರಕ್ಕೆ ಕರೆಂಟು ಹೋಯಿತು. ಎರಡೂ ಕಡೆಗೆ ಯಂತ್ರ ಒದಗಿಸಿದ್ದು ಜನರಲ್ ಎಲೆಕ್ಟ್ರಿಕ್ ಕಂಪನಿಯೇ. ಅಲ್ಲೂ ಹೊಳೆ, ಇಲ್ಲೂ ಹೊಳೆ. ಅಲ್ಲೂ ಚಿನ್ನ, ಇಲ್ಲೂ ಚಿನ್ನ. ವ್ಯತ್ಯಾಸ ಒಂದೇ: ಕೋಲಾರದಲ್ಲಿ ಕರೆಂಟು ಚಿನ್ನ ಹುಡುಕಿಕೊಂಡು ಹೋಯಿತು, ಫೋಲ್ಸಮ್‌ನಲ್ಲಿ ಅದಕ್ಕೂ ಅರ್ಧ ಶತಮಾನ ಮೊದಲೇ ಚಿನ್ನ ಬಂದು ಊರು ಕಟ್ಟಿತ್ತು.

ತಲೆಕೆಳಗಾದ ನೆಲ

ಫೋಲ್ಸಮ್ ಜಲಾಶಯಕ್ಕೆ ಬಂದು ಬೀಳುವ ದಕ್ಷಿಣದ ಕವಲಿನಲ್ಲಿ ಕೊಲೊಮಾ ಎಂಬ ಜಾಗವಿದೆ. ಅಲ್ಲಿ 1848ರ ಜನವರಿ 24ರಂದು, ಜಾನ್ ಸಟರ್ ಎಂಬ ಜಮೀನ್ದಾರನಿಗಾಗಿ ಮರ ಕೊಯ್ಯುವ ಮಿಲ್ಲು ಕಟ್ಟಿಸುತ್ತಿದ್ದ ಜೇಮ್ಸ್ ಮಾರ್ಷಲ್, ಕಾಲುವೆಯಲ್ಲಿ ಹೊಳೆಯುವ ಚೂರುಗಳನ್ನು ಕಂಡ. ಮರುವರ್ಷ ಜಗತ್ತಿನ ಮೂಲೆಮೂಲೆಯಿಂದ ಜನ ನುಗ್ಗಿದರು. ಬಂದವರೆಲ್ಲ ಮೊದಲು ಮಾಡಿದ್ದು ನಮ್ಮ ಜಲಗಾರರು ಅಕ್ಕಸಾಲೆಯ ಅಂಗಡಿಯ ಮುಂದಿನ ಮಣ್ಣು ಜಾಲಿಸುತ್ತಿದ್ದರಲ್ಲ, ಅದೇ ಕೆಲಸ. ತಟ್ಟೆಯಲ್ಲಿ ಮರಳು, ಮರಳಿಗೆ ನೀರು, ಸುತ್ತಿಸಿ ಸುತ್ತಿಸಿ ಚೆಲ್ಲಿದರೆ ತಳದಲ್ಲಿ ಭಾರದ ಚಿನ್ನ.

ತಟ್ಟೆಗೆ ಸಿಗುವ ಚಿನ್ನ ಬೇಗ ಮುಗಿಯಿತು. ಆಮೇಲೆ ಬಂದದ್ದು ಮೊದಲಿನಷ್ಟು ಸಾಧುವಲ್ಲ. 1853ರಿಂದ ಬೆಟ್ಟದ ಪಕ್ಕೆಗೆ ಫಿರಂಗಿಯಂಥ ಕೊಳವೆಯಿಂದ ನೀರು ಹಾಯಿಸಿ ಗುಡ್ಡವನ್ನೇ ಕೆಸರು ಮಾಡುವ ವಿಧಾನ ಶುರುವಾಯಿತು. ಚಿನ್ನ ಹಿಡಿದಿಡಲು ಪಾದರಸ ಸುರಿದರು. ಉಳಿದ ಕೆಸರೆಲ್ಲ ಹೊಳೆಗಳಿಗೆ. ಕಣಿವೆಯ ನದಿಗಳ ತಳ ವರ್ಷವರ್ಷಕ್ಕೂ ಮೇಲೆದ್ದಿತು. ತಳ ಎದ್ದ ಹೊಳೆ ದಡದೊಳಗೆ ನಿಲ್ಲುವುದೆಂತು? ಹೊಲ, ಊರು ಎಲ್ಲ ಹೂಳು. ಕೊನೆಗೆ ರೈತರು ಕೋರ್ಟಿಗೆ ಹೋದರು. 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಗಣಿಯ ಕೆಸರನ್ನು ನದಿಗೆ ಬಿಡಕೂಡದೆಂದು ತೀರ್ಪು ಕೊಟ್ಟರು. ಅಮೆರಿಕದ ಪರಿಸರ ಕಾನೂನಿನ ಚರಿತ್ರೆಯಲ್ಲಿ ದೊಡ್ಡ ಹೆಸರಿನ ತೀರ್ಪು ಅದು.

ಗಣಿಗಾರಿಕೆ ಅಲ್ಲಿಗೆ ನಿಲ್ಲಲಿಲ್ಲ. ಫೋಲ್ಸಮ್‌ನಿಂದ ಕೆಳಗೆ, ರಾಂಚೊ ಕಾರ್ಡೋವಾ ಕಡೆ ಸೈಕಲ್ ತುಳಿಯುವಾಗ ಪಕ್ಕದಲ್ಲಿ ಉರುಟುಗಲ್ಲಿನ ಉದ್ದುದ್ದ ದಿಬ್ಬಗಳು ಕಾಣುತ್ತವೆ. ಗಿಡ ಬೆಳೆದು ಈಗ ಗುಡ್ಡದಂತೆಯೇ ಇವೆ. ಅವು ಪ್ರಕೃತಿ ಮಾಡಿದ್ದಲ್ಲ. ತಾನೇ ತೋಡಿದ ಹೊಂಡದಲ್ಲಿ ತಾನೇ ತೇಲುತ್ತ, ಬಕೆಟ್ಟುಗಳ ಸರಪಳಿಯಿಂದ ಮುಂದಿನ ನೆಲ ಅಗೆದು ನುಂಗಿ, ಚಿನ್ನ ಜಾಲಿಸಿಕೊಂಡು, ಕಲ್ಲನ್ನು ಬೆನ್ನ ಹಿಂದೆ ಉಗುಳುತ್ತ ತೆವಳುವ ದೈತ್ಯ ಯಂತ್ರಗಳು ಇಲ್ಲಿ 1960ರ ದಶಕದ ಆರಂಭದವರೆಗೂ ಕೆಲಸ ಮಾಡಿದವು. ಹಣ್ಣಿನ ತೋಟವಾಗಬಹುದಾಗಿದ್ದ ಮಣ್ಣು ಕೆಳಗೆ ಹೋಯಿತು, ಕೆಳಗಿನ ಕಲ್ಲು ಮೇಲೆ ಬಂತು.

ಪಾದರಸ ಇನ್ನೂ ಹೂಳಿನಲ್ಲಿದೆ. ದಾರಿಯ ಪಕ್ಕದ ನಟೋಮಾ ಕೆರೆಯಲ್ಲಿ ಹಿಡಿದ ಮೀನನ್ನು ಎಷ್ಟು ತಿನ್ನಬಹುದು, ಯಾರು ತಿನ್ನಬಾರದು ಎಂದು ಸರ್ಕಾರ ಇಂದಿಗೂ ಎಚ್ಚರಿಕೆ ಕೊಡುತ್ತದೆ.

ಮೆಟ್ಟಿಲೇರುವ ಮೀನು

ಆ ಕೆರೆಯ ಬಾಯಿಗೆ ನಿಂಬಸ್ ಎಂಬ ಸಣ್ಣ ಅಣೆಕಟ್ಟು. ಅದರ ಬುಡದಲ್ಲಿ ಮೀನುಮರಿ ಕೇಂದ್ರ. ಅಕ್ಟೋಬರ್ ಕಳೆಯುತ್ತಿದ್ದಂತೆ ಸೈಕಲ್ ಸವಾರರು ಇಲ್ಲಿ ಕಾಲೂರಿ ನಿಲ್ಲುವುದು ವಾಡಿಕೆ.

ಸಮುದ್ರದಲ್ಲಿ ಕೆಲವು ವರ್ಷ ಬೆಳೆದ ಚಿನೂಕ್ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಹುಟ್ಟಿದ ಹೊಳೆಗೆ ಮರಳುತ್ತವೆ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಹೊಕ್ಕು, ಸ್ಯಾಕ್ರಮೆಂಟೊ ನದಿ ಏರಿ, ಸಂಗಮದಲ್ಲಿ ಈ ಹೊಳೆಗೆ ತಿರುಗಿ ಬರುವ ಹೊತ್ತಿಗೆ ಮೈ ಕೆಂಪಾಗಿ, ಬಾಲ ಹರಿದು ಹೋಗಿರುತ್ತದೆ. ಹಿಂದೆ ಅವು ಮಲೆಯ ತಣ್ಣನೆಯ ಕವಲುಗಳವರೆಗೆ ಹೋಗುತ್ತಿದ್ದವು. ಅಣೆಕಟ್ಟುಗಳು ಆ ದಾರಿ ಮುಚ್ಚಿದವು. ಅದಕ್ಕೆ ಪರಿಹಾರವಾಗಿ ಕಟ್ಟಿದ್ದು ಈ ಕೇಂದ್ರ. ನೀರು ಹಾಯುವ ಕಾಂಕ್ರೀಟ್ ಮೆಟ್ಟಿಲುಗಳನ್ನು ಮೀನು ಒಂದೊಂದಾಗಿ ನೆಗೆದು ಒಳಗೆ ಬರುತ್ತವೆ. ಸಿಬ್ಬಂದಿ ಮೊಟ್ಟೆ ತೆಗೆದು ಮರಿ ಮಾಡಿ ಮತ್ತೆ ನೀರಿಗೆ ಬಿಡುತ್ತಾರೆ.

ಮೆಟ್ಟಿಲು ಹತ್ತದ ಮೀನು ಹೊಳೆಯ ಗರಸಿನಲ್ಲೇ ಗುಳಿ ತೋಡಿ ಮೊಟ್ಟೆಯಿಟ್ಟು ಸಾಯುತ್ತವೆ. ನವೆಂಬರಿನಲ್ಲಿ ದಂಡೆಯುದ್ದಕ್ಕೂ ಸತ್ತ ಮೀನು, ಮೇಲೆ ಹದ್ದುಗಳ ಸುತ್ತಾಟ, ಮೂಗಿಗೆ ಮಂಗಳೂರಿನ ಬಂದರನ್ನು ನೆನಪಿಸುವ ವಾಸನೆ. ಪ್ರವಾಸದ ಕರಪತ್ರಗಳಲ್ಲಿ ಈ ಅಂಶ ಇರುವುದಿಲ್ಲ.

ಏರಿಗಳ ನಡುವಿನ ಪಟ್ಟಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಜಾಗ ಹೇಗೆ ಉಳಿಯಿತು?

ನೆರೆಗೆ ಹೆದರಿದ ಊರು ಹೊಳೆಯ ಎರಡೂ ಬದಿಗೆ ಏರಿ ಕಟ್ಟಿಕೊಂಡಿತು. ನಮ್ಮ ಕೆರೆ ಏರಿಯ ಹಾಗೆಯೇ ಮಣ್ಣಿನದು. ನೀರು ಉಕ್ಕಿದಾಗ ಹರಡಿಕೊಳ್ಳಲು ಏರಿಗಳ ನಡುವೆ ಅಗಲವಾದ ಪಟ್ಟಿ ಬಿಡಲೇಬೇಕು. ಬೇಸಿಗೆಯಲ್ಲಿ ಅದು ಒಣ ನೆಲ, ಒಳ್ಳೆಯ ಮಳೆಗಾಲದಲ್ಲಿ ಹೊಳೆಯದೇ ಹಾಸಿಗೆ. ಮೇಲಿನ ಭಾಗದಲ್ಲಿ ಏರಿಯ ಬದಲು ಎತ್ತರದ ದಿಣ್ಣೆಗಳೇ ಆ ಕೆಲಸ ಮಾಡುತ್ತವೆ.

ಈ ಪಟ್ಟಿಯನ್ನು ಉದ್ಯಾನವಾಗಿ ಉಳಿಸಿಕೊಳ್ಳಿ ಎಂದು ನಗರಯೋಜಕ ಜಾನ್ ನೋಲನ್ 1910ರ ದಶಕದಲ್ಲೇ ಹೇಳಿದ್ದರು. 1920ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಉದ್ಯಾನಗಳ ಸಮೀಕ್ಷೆ ಮಾಡಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಜೂನಿಯರ್ ಅದನ್ನೇ ಮತ್ತೆ ಹೇಳಿದರು. ತಜ್ಞರ ವರದಿಗೆ ಎಲ್ಲ ದೇಶದಲ್ಲೂ ಆಗುವ ಗತಿ ಇಲ್ಲೂ ಆಯಿತು. ಆದರೆ ಫೋಲ್ಸಮ್ ಅಣೆಕಟ್ಟು ಮೇಲೆದ್ದದ್ದೇ ತಡ, ಇನ್ನು ನೆರೆಯ ಭಯವಿಲ್ಲ ಎಂಬ ಧೈರ್ಯ ಬಂತು. ದಂಡೆಯ ಜಮೀನಿನ ಮೇಲೆ ಮನೆ ಕಟ್ಟುವವರ ಕಣ್ಣು ಬಿತ್ತು. ಹೊಳೆಯನ್ನು ಪಳಗಿಸಲು ಕಟ್ಟಿದ ಅಣೆಕಟ್ಟೇ ಹೊಳೆಯ ಜಾಗಕ್ಕೆ ಕುತ್ತಾಗುವ ಸ್ಥಿತಿ ಅದು.

ಆಗ ಎದ್ದವರಲ್ಲಿ ಒಬ್ಬರು ಕಾರ್ಮೈಕಲ್ ಎಂಬ ಊರಿನ ಶಾಲಾ ಮಾಸ್ತರಿಣಿ ಎಫೀ ಯಾ. ಮಕ್ಕಳನ್ನು ಸಾಲಾಗಿ ಹೊಳೆದಂಡೆಯ ಕಾಡಿಗೆ ಕರೆದೊಯ್ದು ಗಿಡ, ಹುಳ, ಹಕ್ಕಿ ತೋರಿಸುವುದು ಅವರ ಪಾಠದ ಕ್ರಮ. 1961ರಲ್ಲಿ ‘ಸೇವ್ ದ ಅಮೆರಿಕನ್ ರಿವರ್’ ಸಂಘ ಹುಟ್ಟಿತು. ಕೌಂಟಿಯ ಉದ್ಯಾನ ಇಲಾಖೆಗೆ ಆಗಷ್ಟೇ ಬಂದಿದ್ದ ಮೊದಲ ನಿರ್ದೇಶಕ ವಿಲಿಯಂ ಪಾಂಡ್ ಅದೇ ಕನಸಿನವರು. 1962ರಲ್ಲಿ ‘ಪಾರ್ಕ್‌ವೇ’ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಜಮೀನನ್ನು ತುಂಡು ತುಂಡಾಗಿ ಕೊಂಡು ಸೇರಿಸಿದರು. ಹೊಳೆಯ ಕೆಳಗಿನ 23 ಮೈಲಿಗೆ 1972ರಲ್ಲಿ ರಾಜ್ಯದ, 1981ರಲ್ಲಿ ಕೇಂದ್ರದ ಸಂರಕ್ಷಿತ ನದಿ ಪಟ್ಟ ದೊರೆಯಿತು. ಎಫೀ ಯಾ ಮಕ್ಕಳನ್ನು ಕರೆದೊಯ್ಯುತ್ತಿದ್ದ ಕಾಡಿನಲ್ಲಿ ಈಗ ಅವರ ಹೆಸರಿನ ಪ್ರಕೃತಿ ಕೇಂದ್ರವಿದೆ, ಶಾಲಾ ಮಕ್ಕಳ ಸಾಲು ಇನ್ನೂ ಬರುತ್ತದೆ.

ಸೈಕಲ್ ದಾರಿ ಈ ಒಟ್ಟು ಕೆಲಸದ ಒಂದು ಎಳೆ ಮಾತ್ರ. ಅಮೆರಿಕಕ್ಕೆ ಸೈಕಲ್ ಹುಚ್ಚು ಹಿಡಿದಿದ್ದ 1890ರ ದಶಕದಲ್ಲೇ ಸ್ಯಾಕ್ರಮೆಂಟೊದ ಸವಾರರ ಕೂಟವೊಂದು ಫೋಲ್ಸಮ್ ಕಡೆಗೆ ದಾರಿ ಮಾಡಲು ಕೈಹಾಕಿತ್ತು. ಕಾರು ಬಂದು ಅದು ಮರೆತೇಹೋಗಿತ್ತು.

ಇಷ್ಟಾದರೂ ಹೊಳೆ ತನ್ನ ಹಕ್ಕು ಬಿಟ್ಟುಕೊಟ್ಟಿಲ್ಲ. 1986ರ ಫೆಬ್ರವರಿಯ ಮಳೆಗೆ ಫೋಲ್ಸಮ್‌ನಿಂದ 1,34,000 ಕ್ಯೂಸೆಕ್ ನೀರು ಬಿಡಬೇಕಾಯಿತು. ಕೆಳಗಿನ ಏರಿಗಳನ್ನು ಲೆಕ್ಕಹಾಕಿದ್ದು 1,15,000 ಕ್ಯೂಸೆಕ್‌ಗೆ. ಕೆಆರ್‌ಎಸ್‌ನಿಂದ ಒಂದು ಲಕ್ಷ ಬಿಟ್ಟರು ಎಂದು ಕೇಳಿದೊಡನೆ ಶ್ರೀರಂಗಪಟ್ಟಣದವರ ಎದೆ ಏನಾಗುತ್ತದೆಂದು ಬಲ್ಲವರಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಏರಿ ಹೇಗೋ ನಿಂತಿತು. ಆ ಪಾಠದಿಂದ ಅಣೆಕಟ್ಟಿಗೆ ಹೊಸ ಕೋಡಿ ಕಟ್ಟಿದರು, ಅದು ಮುಗಿದದ್ದು 2017ರಲ್ಲಿ. ಇಂದಿಗೂ ಜೋರು ಮಳೆಗಾಲದಲ್ಲಿ ಡಿಸ್ಕವರಿ ಪಾರ್ಕ್ ಮುಳುಗುತ್ತದೆ, ಸೈಕಲ್ ದಾರಿಯ ತುದಿ ನೀರಿನಡಿ ಹೋಗುತ್ತದೆ. ನೀರಿಳಿದ ಮೇಲೆ ಹೂಳು ಬಳಿದು ಮತ್ತೆ ಬಾಗಿಲು ತೆರೆಯುತ್ತಾರೆ.

ನೆಗ್ಗಿಲು ಅಲ್ಲೂ ಇದೆ

ಬೇಸಿಗೆಯಲ್ಲಿ ಇಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ಹೊಳೆಯ ನೀರು ಮಾತ್ರ ಮಲೆಯ ಹಿಮ ಕರಗಿ ಬಂದದ್ದು, ಕಾಲಿಟ್ಟರೆ ಮೂಳೆ ಜುಮ್ಮೆನ್ನುತ್ತದೆ. ಸೆಕೆಗೆ ನೀರಿಗಿಳಿದು ಸೆಳೆತಕ್ಕೆ ಸಿಕ್ಕವರು ಪ್ರತಿ ವರ್ಷದ ಸುದ್ದಿ. ಹಾಗಾಗಿ ಅನುಭವಸ್ಥರು ಬೆಳಿಗ್ಗೆ ಬೇಗ ಹೊರಟು ಹತ್ತರೊಳಗೆ ಮುಗಿಸುತ್ತಾರೆ.

ಬಿಸಿಲಿಗಿಂತ ದೊಡ್ಡ ಕಾಟ ದಾರಿಯಂಚಿನ ಒಂದು ಬಳ್ಳಿ. ಹಳದಿ ಹೂ, ನೆಲಕ್ಕಂಟಿದ ಎಲೆ, ಒಣಗಿದ ಮೇಲೆ ಆಡಿನ ತಲೆಯಂಥ ಕಾಯಿ. ಕೊಂಬಿನಂತೆ ಚಾಚಿದ ಮುಳ್ಳು ಟೈರಿನ ಒಳಹೊಕ್ಕು ಟ್ಯೂಬಿಗೆ ನಾಟುತ್ತದೆ. ಅಲ್ಲಿನವರು ‘ಗೋಟ್‌ಹೆಡ್’ ಎಂದು ಶಪಿಸುವ ಈ ಮುಳ್ಳು ನಮ್ಮ ಹೊಲದ ಬದುವಿನ ನೆಗ್ಗಿಲು ಮುಳ್ಳೇ. ಬರಿಗಾಲಲ್ಲಿ ಓಡಾಡಿ ಬೆಳೆದವರ ಹಳೆಯ ಪರಿಚಯ. ಮೂಲ ಈ ಕಡೆಯ ಖಂಡಗಳದ್ದು, ಕ್ಯಾಲಿಫೋರ್ನಿಯಾಕ್ಕೆ ಹೊರಗಿನಿಂದ ಹೋಗಿ ಬೇರೂರಿದೆ. ಪಂಕ್ಚರ್ ಆದಾಗ ಮುಳ್ಳನ್ನು ಎಳೆದು ತೆಗೆದರೆ ಗಾಳಿ ಪೂರ್ತಿ ಹೋಗುತ್ತದೆ. ಮನೆ ಹತ್ತಿರವಿದ್ದರೆ ಅದನ್ನು ಹಾಗೇ ಬಿಟ್ಟು ತುಳಿಯುವುದೇ ಜಾಣತನ.

ಡೇರೆಗಳು

ನಗರ ಹತ್ತಿರವಾಗುತ್ತಿದ್ದಂತೆ ವಿಶ್ವವಿದ್ಯಾಲಯದ ಬಳಿ ಗೈ ವೆಸ್ಟ್ ಸೇತುವೆ ಕಾಣುತ್ತದೆ. 1967ರದ್ದು, ಗೋಲ್ಡನ್ ಗೇಟ್ ಸೇತುವೆಯ ಮರಿಯಂತಿದೆ. ಕಾರಿಗೆ ಪ್ರವೇಶವಿಲ್ಲ. ಕ್ಲಾಸಿಗೆ ತಡವಾದ ಹುಡುಗರು ಅದರ ಮೇಲೆ ಸೈಕಲ್ ದೌಡಾಯಿಸುತ್ತಾರೆ.

ಅದರ ಕೆಳಗಿನ ಮೈಲಿಗಳಲ್ಲಿ ಚಿತ್ರ ಬದಲಾಗುತ್ತದೆ. ಪೊದೆಗಳ ನಡುವೆ ನೀಲಿ ಟಾರ್ಪಾಲು, ಹರಿದ ಡೇರೆ, ಅಂಗಡಿಯಿಂದ ಬಂದ ತಳ್ಳುಗಾಡಿಯಲ್ಲಿ ಇಡೀ ಸಂಸಾರ. ಕ್ಯಾಲಿಫೋರ್ನಿಯಾದಲ್ಲಿ ಮನೆ ಬಾಡಿಗೆ ಏರಿದಂತೆಲ್ಲ ಬೀದಿಗೆ ಬಿದ್ದವರು ಈ ದಂಡೆಗೆ ಬಂದು ಸೇರಿದರು. ಅಡುಗೆಯ ಬೆಂಕಿ ಒಣಹುಲ್ಲಿಗೆ ತಗುಲಿ ಕಾಡು ಹತ್ತಿಕೊಳ್ಳುತ್ತದೆ, ಸೈಕಲ್ ಸವಾರರು ಈ ಭಾಗದಲ್ಲಿ ಒಂಟಿಯಾಗಿ ಹೋಗಲು ಹಿಂಜರಿಯುತ್ತಾರೆ. 2022ರಲ್ಲಿ ಕೌಂಟಿ ಇಲ್ಲಿ ಡೇರೆ ಹಾಕುವುದನ್ನು ನಿಷೇಧಿಸಿತು. ಹೊರಗೆ ಮಲಗಿದವರಿಗೆ ದಂಡ ಹಾಕಬಹುದೆಂದು ದೇಶದ ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದ ಮೇಲೆ ತೆರವಿಗೆ ಇನ್ನಷ್ಟು ಬಲ ಬಂದಿದೆ. ತೆರವಾದವರು ಎಲ್ಲಿಗೆ ಹೋಗಬೇಕೆಂಬುದಕ್ಕೆ ಉತ್ತರ ಅಷ್ಟು ಸಲೀಸಾಗಿ ಸಿಕ್ಕಿಲ್ಲ. ಸೈಕಲ್ಲಿನವರ ದೂರು ಸುಳ್ಳಲ್ಲ, ಡೇರೆಯವರ ಸಂಕಟವೂ ಸುಳ್ಳಲ್ಲ. ಈ ಊರು ಹುಟ್ಟಿದ್ದೂ ಹೊಳೆದಂಡೆಯ ಡೇರೆಗಳಲ್ಲೇ ಎನ್ನುವುದನ್ನು ಮಾತ್ರ ಇಲ್ಲಿ ನೆನೆಯಬೇಕು. 1849ರಲ್ಲಿ ಇದೇ ದಂಡೆಯ ಸಾಲು ಸಾಲು ಟಾರ್ಪಾಲುಗಳ ಹೆಸರು ಸ್ಯಾಕ್ರಮೆಂಟೊ.

ಸರಿಸಿದ ಸಂಗಮ, ಎತ್ತಿದ ಪೇಟೆ

ಡಿಸ್ಕವರಿ ಪಾರ್ಕ್‌ನಲ್ಲಿ ಅಮೆರಿಕನ್ ಹೊಳೆ ಸ್ಯಾಕ್ರಮೆಂಟೊ ನದಿಗೆ ಸೇರುತ್ತದೆ. ಹೊಳೆಯ ತಿಳಿನೀರು, ನದಿಯ ಮಣ್ಣುಬಣ್ಣ, ಸ್ವಲ್ಪ ದೂರ ಬೆರೆಯದೆ ಹರಿಯುವುದನ್ನು ಎಷ್ಟೋ ದಿನ ಕಾಣಬಹುದು. ಚಿನ್ನದವರು ಬರುವ ಮೊದಲು ಈ ಸುತ್ತಿನಲ್ಲಿ ನಿಸೆನಾನ್ ಜನರ ಹಳ್ಳಿಗಳಿದ್ದವು. 1833ರಲ್ಲಿ ಹೊರಗಿನವರ ಜೊತೆ ಬಂದ ಮಲೇರಿಯಾ ಅವರಲ್ಲಿ ಬಹುಪಾಲು ಜನರನ್ನು ತೆಗೆದುಕೊಂಡು ಹೋಯಿತು.

ಸಂಗಮವೆಂದರೆ ನಮಗೆ ದೈವಸೃಷ್ಟಿ. ಇದು ಮನುಷ್ಯಸೃಷ್ಟಿ. ಹೊಳೆ ಮೊದಲು ಇನ್ನೂ ದಕ್ಷಿಣಕ್ಕೆ, ಪೇಟೆಯ ಮಗ್ಗುಲಲ್ಲೇ ನದಿಗೆ ಬೀಳುತ್ತಿತ್ತು. ನೆರೆಯಿಂದ ಬೇಸತ್ತ ಊರು 1860ರ ದಶಕದಲ್ಲಿ ಅದರ ಬಾಯನ್ನು ಉತ್ತರಕ್ಕೆ ಸರಿಸಿತು.

ಹಳೆಯ ಉಕ್ಕಿನ ಜಿಬೂಮ್ ಸೇತುವೆ ದಾಟಿದರೆ ಬಲಕ್ಕೆ ನದಿ, ಎಡಕ್ಕೆ ಹೆದ್ದಾರಿಯ ಭೋರ್ಗರೆತ. ಒಂದು ಕಾಲದ ಕರೆಂಟು ತಯಾರಿಸುವ ಕಟ್ಟಡ ಈಗ ಮಕ್ಕಳ ವಿಜ್ಞಾನ ಸಂಗ್ರಹಾಲಯವಾಗಿದೆ. ಮುಂದೆ ರೈಲ್ವೆ ಮ್ಯೂಸಿಯಂ, ಆಮೇಲೆ ಥಟ್ಟನೆ ಹಲಗೆಯ ಕಾಲುದಾರಿ, ಮರದ ಕಂಬದ ಪಡಸಾಲೆ, ಕುದುರೆಗಾಡಿ, ಮಿಠಾಯಿ ಅಂಗಡಿ. ಹಳೇ ಸ್ಯಾಕ್ರಮೆಂಟೊ ಬಂತು. ಕಲ್ಲುಹಾಸಿನ ಬೀದಿಯಲ್ಲಿ ಸೈಕಲ್ ಗಡಗಡ ನಡುಗುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ಮೇಲು.

ಈ ಪೇಟೆ ಇಲ್ಲಿರಲೇಬಾರದಿತ್ತು. ಸಟರ್ ತನ್ನ ಕೋಟೆ ಕಟ್ಟಿಕೊಂಡದ್ದು ದೂರದ ದಿಣ್ಣೆಯ ಮೇಲೆ. ಆದರೆ ಸ್ಯಾಮ್ ಬ್ರ್ಯಾನನ್ ಎಂಬ ವ್ಯಾಪಾರಿಗೆ ದೋಣಿಯಿಂದ ಇಳಿದವನ ಕಾಲ ಬುಡದಲ್ಲೇ ಅಂಗಡಿ ಬೇಕಿತ್ತು. ಚಿನ್ನ ಹುಡುಕಿದವರಿಗಿಂತ ಅವರಿಗೆ ಸಲಿಕೆ, ತಟ್ಟೆ ಮಾರಿದವನೇ ಹೆಚ್ಚು ಗಳಿಸಿದ್ದು. ಅವನೂ ಸಟರನ ಮಗನೂ ಸೇರಿ ನದಿಯಂಚಿಗೇ ನಿವೇಶನ ಹಾಕಿಸಿದರು. ಮೊದಲ ಚಳಿಗಾಲದಲ್ಲೇ, 1850ರ ಜನವರಿಯಲ್ಲಿ, ಊರು ಮುಳುಗಿತು. ಅದೇ ವರ್ಷ ಕಾಲರಾ.

1862ರ ಜನವರಿಯ ನೆರೆ ಇನ್ನೂ ದೊಡ್ಡದು. ರಾಜ್ಯದ ಹೊಸ ಗವರ್ನರ್ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಪ್ರಮಾಣವಚನಕ್ಕೆ ಹುಟ್ಟು ಹಾಕುವ ದೋಣಿಯಲ್ಲಿ ಹೋದರು. ವಾಪಸು ಬಂದು ಮಹಡಿಯ ಕಿಟಕಿಯಿಂದ ಮನೆ ಹೊಕ್ಕರೆಂಬುದು ಊರಿನವರು ಇಂದಿಗೂ ಹೇಳುವ ಕಥೆ. ಶಾಸಕರು ಗಂಟುಮೂಟೆ ಕಟ್ಟಿ ತಾತ್ಕಾಲಿಕವಾಗಿ ಸ್ಯಾನ್‌ಫ್ರಾನ್ಸಿಸ್ಕೊಗೆ ಹೋದರು.

ಊರು ಬಿಡುವ ಬದಲು ವ್ಯಾಪಾರಿಗಳು ಊರನ್ನೇ ಎತ್ತಲು ಹೊರಟರು. ಬೀದಿಯ ಎರಡು ಬದಿಗೆ ಇಟ್ಟಿಗೆ ಗೋಡೆ ಕಟ್ಟಿ ನಡುವೆ ಮಣ್ಣು ತುಂಬಿ ರಸ್ತೆಯನ್ನು ಸುಮಾರು ಹತ್ತು ಅಡಿ ಮೇಲೆತ್ತಿದರು. ಕೆಲವರು ನೂರಾರು ತಿರುಪುಜಾಕಿಗಳನ್ನಿಟ್ಟು, ಕೂಲಿಗಳು ಒಟ್ಟಿಗೆ ಒಂದೊಂದೇ ಸುತ್ತು ತಿರುಗಿಸಿ, ಇಟ್ಟಿಗೆ ಕಟ್ಟಡವನ್ನು ಇಡಿಯಾಗಿ ಎಬ್ಬಿಸಿದರು. ದುಡ್ಡಿಲ್ಲದವರು ನೆಲಮಹಡಿಯನ್ನು ನೆಲಮಾಳಿಗೆ ಎಂದು ಒಪ್ಪಿಕೊಂಡು ಮೊದಲ ಮಹಡಿಗೆ ಬಾಗಿಲು ಕೊರೆದರು. ಅವರವರ ಅನುಕೂಲಕ್ಕೆ ತಕ್ಕಂತೆ ಎದ್ದದ್ದರಿಂದ, ಕೆಲಸ ಮುಗಿಯುವವರೆಗೂ ಕಾಲುದಾರಿ ಏಣಿಯಾಟದ ಹಾಗಿತ್ತು. ಇಂದು ಹಲಗೆಯ ಮೇಲೆ ನಡೆಯುವಾಗ ಕೇಳುವ ಟೊಳ್ಳು ಸದ್ದಿನ ಅಡಿಯಲ್ಲಿ ಹಳೆಯ ಕಾಲುದಾರಿ ಇದೆ. ಕೆಳಗಿಳಿಸಿ ತೋರಿಸುವ ಪ್ರವಾಸಗಳೂ ಇವೆ. ಇಡೀ ಸವಾರಿಯಲ್ಲಿ ತಪ್ಪಿಸಬಾರದ ಜಾಗ ಇದು.

ಇಲ್ಲಿಂದಲೇ 1863ರ ಜನವರಿ 8ರಂದು ದೇಶದ ಆಚೆ ಬದಿಯನ್ನು ಮುಟ್ಟುವ ರೈಲುಹಾದಿಗೆ ಗುದ್ದಲಿಪೂಜೆಯಾಯಿತು. ಹಾರೆ, ಮೊಳೆ ಮಾರುವ ಅಂಗಡಿಯ ಮೇಲುಮಾಳಿಗೆಯಲ್ಲಿ ಕೂತು ನಾಲ್ವರು ವರ್ತಕರು ನಡೆಸಿದ ಕಂಪನಿ ಅದು, ಸ್ಟ್ಯಾನ್‌ಫರ್ಡ್ ಅವರಲ್ಲೊಬ್ಬರು. ಬೆಟ್ಟ ಕೊರೆದವರು ಸಾವಿರಾರು ಚೀನೀ ಕೂಲಿಗಳು. ಅದೇ ಅಂಗಡಿಯ ಕಟ್ಟಡವನ್ನು ನೂರು ವರ್ಷದ ನಂತರ ಹೆದ್ದಾರಿಗಾಗಿ ಬಿಚ್ಚಿ ಬೇರೆಡೆ ಕಟ್ಟಬೇಕಾಯಿತು! 1960ರ ದಶಕದಲ್ಲಿ ನದಿಯುದ್ದಕ್ಕೆ ಬಂದ ಆ ಹೆದ್ದಾರಿ ಹಳೇ ಪೇಟೆಯನ್ನೇ ನುಂಗುವುದರಲ್ಲಿತ್ತು. ಜಟಾಪಟಿಯ ನಂತರ 28 ಎಕರೆಯಷ್ಟು ಉಳಿಯಿತು. 1965ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಉಳಿದ ನಗರಕ್ಕೂ ಅದಕ್ಕೂ ನಡುವೆ ಇಂದಿಗೂ ಹೆದ್ದಾರಿಯ ಗೋಡೆ. ಕಾರಿನಲ್ಲಿ ಬರುವವರಿಗೆ ಪಾರ್ಕಿಂಗ್ ಹುಡುಕುವ ಪಾಡು. ಹೊಳೆಯ ದಾರಿಯಿಂದ ಬಂದವರು ಮಾತ್ರ ಪೇಟೆಯನ್ನು ಅದರ ಮೂಲ ಮುಖದಿಂದ, ನೀರಿನ ಕಡೆಯಿಂದ, ಪ್ರವೇಶಿಸುತ್ತಾರೆ.

ವಾಪಸು ಬರುವ ಬಗೆ

ಗಟ್ಟಿಗರು ಒಂದು ಕಾಫಿ ಕುಡಿದು, ದಡಕ್ಕೆ ಕಟ್ಟಿಹಾಕಿದ ಡೆಲ್ಟಾ ಕಿಂಗ್ ಎಂಬ 1927ರ ಚಕ್ರದ ಹಡಗನ್ನೂ ಅದರಾಚೆ ಹೊನ್ನಬಣ್ಣದ ಟವರ್ ಬ್ರಿಜ್ಜನ್ನೂ ಫೋನಿನಲ್ಲಿ ಹಿಡಿದುಕೊಂಡು, ಮತ್ತೆ 51 ಕಿಲೋಮೀಟರ್ ಹತ್ತಲು ಹೊರಡುತ್ತಾರೆ. ಉಳಿದವರು ಹೆದ್ದಾರಿಯಡಿಯಿಂದ ದಾಟಿ, ಕೆಲವೇ ಬೀದಿಯಾಚೆಯ ರೈಲು ನಿಲ್ದಾಣಕ್ಕೆ ನಡೆಯುತ್ತಾರೆ. ಅಲ್ಲಿಂದ ಫೋಲ್ಸಮ್ ಊರಿಗೆ ‘ಗೋಲ್ಡ್ ಲೈನ್’ ನಗರ ರೈಲಿದೆ. ಸೈಕಲ್ಲನ್ನೂ ಹತ್ತಿಸಬಹುದು. ಸುಮಾರು ಒಂದು ಗಂಟೆಯ ಪ್ರಯಾಣ.

ಆ ರೈಲು ಬಹುಪಾಲು ಓಡುವುದು 1856ರಲ್ಲಿ ತೆರೆದ, ಕ್ಯಾಲಿಫೋರ್ನಿಯಾದ ಮೊಟ್ಟಮೊದಲ ರೈಲುಹಾದಿಯ ಜಾಡಿನಲ್ಲೇ. ಥಿಯೊಡೋರ್ ಜೂಡಾ ಎಂಬ ಎಂಜಿನಿಯರ್ ಅಳೆದು ಹಾಕಿದ್ದು. ಚಿನ್ನ ಅಗೆಯುವವರನ್ನೂ ಅವರ ಸಲಿಕೆ, ಹಿಟ್ಟಿನ ಮೂಟೆಗಳನ್ನೂ ನದಿದಂಡೆಯಿಂದ ಫೋಲ್ಸಮ್‌ಗೆ ಮುಟ್ಟಿಸುವುದು ಅದರ ಕೆಲಸವಾಗಿತ್ತು. ಈಗ ಸಂಜೆಯ ಗಾಡಿಯಲ್ಲಿ ಆಫೀಸು ಮುಗಿಸಿದವರ ನಡುವೆ, ಹ್ಯಾಂಡಲ್ ಹಿಡಿದು ನಿಂತವರೊಬ್ಬರು ಬಾಗಿ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಮುಳ್ಳು ಅಲ್ಲೇ ಇದೆ. ಗಾಳಿ ಅರ್ಧ ಇದೆ.